ರಾಮನಗರ ಪ್ರದೇಶದ ಆರ್ಥಿಕ ಬೆಳವಣಿಗೆ ಮತ್ತು ತಂತ್ರಜ್ಞಾನ ನವೋದ್ಯಮಗಳು

ತಂತ್ರಜ್ಞಾನ ನವೋದ್ಯಮ ಅಥವಾ ಸ್ಟಾರ್ಟ್‌ಅಪ್ ಎಂದರೆ ಹೊಸ ತಂತ್ರಜ್ಞಾನವನ್ನು ಆಧಾರವಾಗಿಟ್ಟುಕೊಂಡು, ಅಲ್ಪ ಅವಧಿಯಲ್ಲಿ ವಿಸ್ತಾರವಾಗಿ ಬೆಳೆಯುವ ಉದ್ದೇಶದಿಂದ ಸ್ಥಾಪಿತವಾದ ಎಳೆಯ ಉದ್ಯಮ. ಇಂತಹ ಉದ್ಯಮಗಳು ತಾವು ನೆಲೆಸಿರುವ ನಗರದ ಆರ್ಥಿಕತೆಯ ಮೇಲೆ ಪ್ರಭಾವ ಬೀರುವುದರೊಂದಿಗೆ, ಆ ನಗರಕ್ಕೆ ಹಾಲು, ತರಕಾರಿ, ಹಣ್ಣು, ರೇಷ್ಮೆ ಮತ್ತು ದುಡಿಯುವ ಕೈಗಳನ್ನು ಒದಗಿಸುವ ಸುತ್ತಲಿನ ಗ್ರಾಮಾಂತರದ ಮೇಲೂ ಪ್ರಭಾವ ಬೀರುತ್ತವೆ. ಭಾರತದ ಪ್ರಮುಖ ನವೋದ್ಯಮ ಕೇಂದ್ರವಾದ ಬೆಂಗಳೂರಿನ ಪಶ್ಚಿಮ, ನೈಋತ್ಯ ಮತ್ತು ದಕ್ಷಿಣಕ್ಕೆ ಹಬ್ಬಿರುವ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ಪ್ರದೇಶವು ಈ ಪ್ರಭಾವದ ಲಾಭವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಕನಕಪುರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಸಾತನೂರು ಮತ್ತು ಅದರ ಸುತ್ತಲಿನ ರೇಷ್ಮೆ ಕೃಷಿ ಇದಕ್ಕೆ ಉತ್ತಮ ನಿದರ್ಶನ.

ಪರಿಭಾಷೆ

ಭಾರತ ಸರ್ಕಾರವು 2016ರ ಜನವರಿ 16ರಂದು ‘ಸ್ಟಾರ್ಟ್‌ಅಪ್ ಇಂಡಿಯಾ’ ಕಾರ್ಯಕ್ರಮಕ್ಕೆ ಚಾಲನೆ ನೀಡಿತು. 2019ರ ಅಧಿಸೂಚನೆಯ ಪ್ರಕಾರ, ನೋಂದಣಿಯಾಗಿ 10 ವರ್ಷ ಮೀರದ, ಯಾವುದೇ ಹಣಕಾಸು ವರ್ಷದಲ್ಲಿ 100 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟು ನಡೆಸದ, ಹೊಸ ಉತ್ಪನ್ನ, ಸೇವೆ ಅಥವಾ ಕಾರ್ಯವಿಧಾನವನ್ನು ರೂಪಿಸುವ ಸಂಸ್ಥೆಗೆ ನವೋದ್ಯಮವೆಂಬ ಮಾನ್ಯತೆ ದೊರೆಯುತ್ತಿತ್ತು. ಇರುವ ಸಂಸ್ಥೆಯೊಂದನ್ನು ಒಡೆದು ರಚಿಸಿದ ಕಂಪನಿಗೆ ಈ ಮಾನ್ಯತೆ ಇಲ್ಲ.

ಹೊಸದಾಗಿ ಆರಂಭವಾದ ಪ್ರತಿಯೊಂದು ಉದ್ಯಮವೂ ಈ ಅರ್ಥದಲ್ಲಿ ನವೋದ್ಯಮವಾಗುವುದಿಲ್ಲ. ಊರಿನಲ್ಲಿ ಹೊಸದಾಗಿ ತೆರೆದ ಹಿಟ್ಟಿನ ಗಿರಣಿಯ ವ್ಯಾಪಾರ ಸುತ್ತಲಿನ ಕೆಲವು ಹಳ್ಳಿಗಳಿಗೆ ಸೀಮಿತವಾಗಿದ್ದು, ಮೊದಲ ವರ್ಷದಿಂದಲೇ ಅದು ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಬೇಕು. ತಂತ್ರಜ್ಞಾನ ನವೋದ್ಯಮವು ಒಮ್ಮೆ ಸಿದ್ಧಪಡಿಸಿದ ತಂತ್ರಾಂಶವನ್ನು ಅಲ್ಪ ಹೆಚ್ಚುವರಿ ವೆಚ್ಚದಲ್ಲಿ ಸಾವಿರಾರು ಊರುಗಳಿಗೆ ಒದಗಿಸಬಲ್ಲದು. ಆರಂಭದ ಹಲವು ವರ್ಷ ಅದು ನಷ್ಟದಲ್ಲಿ ನಡೆಯುವುದು ಸಾಮಾನ್ಯ. ಆ ನಷ್ಟವನ್ನು ಸಾಹಸ ಬಂಡವಾಳ ಹೂಡಿದವರು ಭರಿಸುತ್ತಾರೆ. ಶೀಘ್ರ ಬೆಳವಣಿಗೆ ಮತ್ತು ಶೀಘ್ರ ಕುಸಿತ ಎರಡಕ್ಕೂ ಈ ವ್ಯವಸ್ಥೆಯೇ ಕಾರಣ.

ಸೈದ್ಧಾಂತಿಕ ಹಿನ್ನೆಲೆ

ಒಂದೇ ಬಗೆಯ ಉದ್ಯಮಗಳು ಒಂದೆಡೆ ನೆಲೆಗೊಂಡಾಗ ನುರಿತ ಕೆಲಸಗಾರರು, ಪೂರೈಕೆದಾರರು ಮತ್ತು ಕಸುಬಿನ ತಿಳಿವಳಿಕೆ ಎಲ್ಲರಿಗೂ ಸುಲಭವಾಗಿ ಲಭ್ಯವಾಗುತ್ತವೆ ಎಂಬುದನ್ನು ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ಪ್ರಕಟವಾದ ತಮ್ಮ ಅರ್ಥಶಾಸ್ತ್ರ ಗ್ರಂಥದಲ್ಲಿ ವಿವರಿಸಿದರು. ಉದ್ಯಮಶೀಲರು ತರುವ ಹೊಸತನವೇ ಆರ್ಥಿಕ ಬೆಳವಣಿಗೆಯ ಚಾಲಕಶಕ್ತಿ ಎಂದು ಜೋಸೆಫ್ ಶುಂಪೀಟರ್ ಪ್ರತಿಪಾದಿಸಿದರು. ಹೊಸತು ಹಳೆಯದನ್ನು ಕೆಡವಿ ಮೇಲೇಳುವ ಈ ಕ್ರಿಯೆಯನ್ನು ಅವರು 1942ರ ಕೃತಿಯಲ್ಲಿ ‘ಸೃಜನಶೀಲ ವಿನಾಶ’ ಎಂಬ ಅರ್ಥದ ಪದದಿಂದ ಕರೆದರು.

ಅಮೆರಿಕದ ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ ಅವರು 2012ರ ತಮ್ಮ ಕೃತಿಯಲ್ಲಿ, ಅಮೆರಿಕದ ನಗರವೊಂದರಲ್ಲಿ ಉನ್ನತ ತಂತ್ರಜ್ಞಾನದ ಒಂದು ಹುದ್ದೆ ಸೃಷ್ಟಿಯಾದರೆ ಅದೇ ನಗರದಲ್ಲಿ ಕಾಲಕ್ರಮೇಣ ಇತರ ಸೇವೆಗಳ ಸುಮಾರು ಐದು ಹುದ್ದೆಗಳು ಹುಟ್ಟುತ್ತವೆ ಎಂದು ಅಂದಾಜಿಸಿದರು. ಈ ಅಂದಾಜು ಅಮೆರಿಕದ ನಗರಗಳಿಗೆ ಸಂಬಂಧಿಸಿದ್ದು. ಸಂಬಳ ಪಡೆದವರು ಹಣವನ್ನು ಎಲ್ಲಿ ಖರ್ಚು ಮಾಡುತ್ತಾರೆ ಎಂಬುದನ್ನು ಅವಲಂಬಿಸಿ ಈ ಗುಣಕ ಪರಿಣಾಮ ಹೆಚ್ಚುಕಡಿಮೆಯಾಗುವುದರಿಂದ, ನಗರದ ಹೊರಗಿನ ಹಳ್ಳಿಗಳಿಗೆ ಅದನ್ನು ನೇರವಾಗಿ ಅನ್ವಯಿಸಲಾಗದು.

ಬೆಂಗಳೂರು ಕೇಂದ್ರವಾದ ಬಗೆ

ಬೆಂಗಳೂರಿನ ನವೋದ್ಯಮಗಳು ಸಾರ್ವಜನಿಕ ಸಂಸ್ಥೆಗಳು ಹದಗೊಳಿಸಿದ ನೆಲದ ಮೇಲೆ ಬೆಳೆದವು. ಭಾರತೀಯ ವಿಜ್ಞಾನ ಸಂಸ್ಥೆ (1909), ಹಿಂದೂಸ್ತಾನ್ ಏರ್‌ಕ್ರಾಫ್ಟ್ (1940), ಭಾರತೀಯ ದೂರವಾಣಿ ಕಾರ್ಖಾನೆ (1948), ಎಚ್‌ಎಂಟಿ (1953) ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ (1954) ನಗರದಲ್ಲಿ ಎಂಜಿನಿಯರುಗಳ ಹಾಗೂ ನುರಿತ ಕಾರ್ಮಿಕರ ದೊಡ್ಡ ಸಮುದಾಯವನ್ನು ನಿರ್ಮಿಸಿದವು. 1981ರಲ್ಲಿ ಪುಣೆಯಲ್ಲಿ ಆರಂಭವಾದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು.

2007ರಲ್ಲಿ ಸ್ಥಾಪನೆಯಾದ ಫ್ಲಿಪ್‌ಕಾರ್ಟ್ ಮುಂದಿನ ಘಟ್ಟದ ಗುರುತು. 2018ರಲ್ಲಿ ವಾಲ್‌ಮಾರ್ಟ್ ಅದರ ಸುಮಾರು 77 ಶೇಕಡಾ ಪಾಲನ್ನು 1,600 ಕೋಟಿ ಡಾಲರಿಗೆ ಖರೀದಿಸಿತು. ಅಲ್ಲಿ ದುಡಿದವರಲ್ಲಿ ಹಲವರು ಹೊಸ ಉದ್ಯಮಗಳನ್ನು ಕಟ್ಟಿದರು, ಕೆಲವರು ಹೂಡಿಕೆದಾರರಾದರು. 2015ರಲ್ಲಿ ಆರಂಭವಾದ ಫೋನ್‌ಪೇ ಸ್ಥಾಪಕರೂ ಮೊದಲು ಫ್ಲಿಪ್‌ಕಾರ್ಟ್‌ನಲ್ಲಿದ್ದವರು. ಹೀಗೆ ಒಂದು ಉದ್ಯಮದ ಅನುಭವ ಮತ್ತು ಹಣ ಮತ್ತೊಂದಕ್ಕೆ ಬೀಜವಾಗುವುದು ನವೋದ್ಯಮ ಪ್ರದೇಶಗಳ ಲಕ್ಷಣ.

ಇದರ ಮತ್ತೊಂದು ಮುಖ ಕೇಂದ್ರೀಕರಣ. ಕರ್ನಾಟಕದ ಒಟ್ಟು ಆಂತರಿಕ ಉತ್ಪನ್ನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರಿಂದಲೇ ಬರುತ್ತದೆ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ಅಂದಿನ 175 ತಾಲ್ಲೂಕುಗಳ ಪೈಕಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು.

ಸಾತನೂರು ಮತ್ತು ಸುತ್ತಲಿನ ಆರ್ಥಿಕತೆ

ರಾಮನಗರ ಜಿಲ್ಲೆಯು 2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. 2025ರಲ್ಲಿ ರಾಜ್ಯ ಸರ್ಕಾರವು ಇದನ್ನು ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಿತು. ಆರಂಭದ ನಾಲ್ಕು ತಾಲ್ಲೂಕುಗಳ ಜೊತೆಗೆ ಹಾರೋಹಳ್ಳಿಯೂ ಬಳಿಕ ಪ್ರತ್ಯೇಕ ತಾಲ್ಲೂಕಾಯಿತು.

ಸಾತನೂರು ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿದೆ. ಇಲ್ಲಿಂದ ಕಬ್ಬಾಳಿನ ಮೂಲಕ ಚನ್ನಪಟ್ಟಣಕ್ಕೂ ರಸ್ತೆಯಿದೆ. ರಾಗಿ, ಹಿಪ್ಪುನೇರಳೆ, ತೆಂಗು ಮತ್ತು ಮಾವು ಈ ಭಾಗದ ಮುಖ್ಯ ಬೆಳೆಗಳು. ಹೈನುಗಾರಿಕೆ ಮತ್ತು ರೇಷ್ಮೆ ಹುಳು ಸಾಕಾಣಿಕೆಗಳು ಸಣ್ಣ ಹಿಡುವಳಿದಾರರಿಗೆ ನಿಯತವಾಗಿ ನಗದು ತರುವ ಕಸುಬುಗಳು.

ಜಿಲ್ಲೆಯ ಎಲ್ಲ ಭಾಗಗಳೂ ಒಂದೇ ಬಗೆಯಲ್ಲಿ ಬೆಳೆದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿರುವ ಬಿಡದಿಯಲ್ಲಿ 1990ರ ದಶಕದ ಕೊನೆಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರು ಕಾರ್ಖಾನೆ ಆರಂಭವಾಯಿತು. ಅದರ ಸುತ್ತ ಬಿಡಿಭಾಗ ಪೂರೈಸುವ ಘಟಕಗಳು ನೆಲೆಗೊಂಡವು. ಕನಕಪುರ ರಸ್ತೆಯ ಹಾರೋಹಳ್ಳಿಯಲ್ಲಿಯೂ ಕೈಗಾರಿಕಾ ಪ್ರದೇಶವಿದೆ. ಸಾತನೂರು ಈ ಕೈಗಾರಿಕಾ ವಲಯಗಳ ಆಚೆಗೆ ಉಳಿದಿದ್ದು, ಅದರ ಆರ್ಥಿಕತೆ ಇಂದಿಗೂ ಮುಖ್ಯವಾಗಿ ಕೃಷಿಯನ್ನೇ ಅವಲಂಬಿಸಿದೆ. ಹೀಗಾಗಿ ತಂತ್ರಜ್ಞಾನ ನವೋದ್ಯಮಗಳು ಈ ಭಾಗವನ್ನು ಮುಟ್ಟುವುದು ಕಚೇರಿ ಅಥವಾ ಕಾರ್ಖಾನೆಗಳ ಮೂಲಕವಲ್ಲ. ಮಾರುಕಟ್ಟೆ, ಹಣ ಪಾವತಿ, ಸಲಹೆ ಮತ್ತು ವಲಸೆ ಉದ್ಯೋಗ ಎಂಬ ದಾರಿಗಳಲ್ಲಿ ಅವು ಇಲ್ಲಿಗೆ ತಲುಪುತ್ತವೆ.

ಕೊಡುಗೆಯ ಮಾರ್ಗಗಳು

ಮಾರುಕಟ್ಟೆ: ರೈತ ಮತ್ತು ಕೊಳ್ಳುವವರ ನಡುವಿನ ಮಧ್ಯವರ್ತಿಗಳ ಸಂಖ್ಯೆಯನ್ನು ತಗ್ಗಿಸುವುದು ಕೃಷಿ ನವೋದ್ಯಮಗಳ ಮುಖ್ಯ ಗುರಿ. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ನಿಂಜಾಕಾರ್ಟ್ ಇಂತಹದು. ಅದು ಹಣ್ಣು ತರಕಾರಿಗಳನ್ನು ರೈತರಿಂದ ಸಂಗ್ರಹಿಸಿ ನಗರದ ಚಿಲ್ಲರೆ ಅಂಗಡಿಗಳಿಗೆ ತಲುಪಿಸುವ ವ್ಯವಸ್ಥೆಯನ್ನು ರೂಪಿಸಿತು. ಬೇಡಿಕೆಯನ್ನು ಮುಂಚಿತವಾಗಿ ಅಂದಾಜು ಮಾಡಿ ಅದಕ್ಕೆ ತಕ್ಕಷ್ಟನ್ನೇ ಕೊಂಡರೆ ಕೊಳೆತು ಹಾಳಾಗುವ ಪ್ರಮಾಣ ತಗ್ಗುತ್ತದೆ. ಹಾಗೆ ಉಳಿದದ್ದರಲ್ಲಿ ರೈತನಿಗೆ ಎಷ್ಟು ಸಿಗುತ್ತದೆ ಎಂಬುದು ಆತನಿಗೆ ಮಾರಲು ಬೇರೆ ಎಷ್ಟು ಜಾಗಗಳಿವೆ ಎಂಬುದನ್ನು ಅವಲಂಬಿಸಿದೆ.

ಹಣ ಪಾವತಿ: 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯನ್ನು ಸಾರ್ವಜನಿಕ ಸ್ವರೂಪದ ರಾಷ್ಟ್ರೀಯ ಪಾವತಿ ನಿಗಮ ರೂಪಿಸಿತು. ಅದನ್ನು ಹಳ್ಳಿಯ ಚಹಾ ಅಂಗಡಿಯವರೆಗೆ ಕೊಂಡೊಯ್ದವು ಫೋನ್‌ಪೇಯಂತಹ ನವೋದ್ಯಮಗಳು. ಸಂತೆಯಲ್ಲಿ ಸೊಪ್ಪು ಮಾರುವವರಿಗೂ ಇದರಿಂದ ಚಿಲ್ಲರೆಯ ತೊಂದರೆ ತಪ್ಪಿತು. ಬ್ಯಾಂಕಿನಲ್ಲಿ ದಾಖಲಾಗುವ ವಹಿವಾಟು ಮುಂದೆ ಸಾಲ ಪಡೆಯಲು ಆಧಾರವಾಗಬಲ್ಲದು.

ಶಕ್ತಿ ಮತ್ತು ಉಪಕರಣ: 1995ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಸೆಲ್ಕೊ ಗ್ರಾಮೀಣ ಮನೆಗಳಿಗೂ ಕಸುಬುಗಳಿಗೂ ಸೌರಶಕ್ತಿ ಒದಗಿಸುವ ಸಾಮಾಜಿಕ ಉದ್ಯಮ. ಉಪಕರಣವನ್ನು ಬ್ಯಾಂಕ್ ಸಾಲದ ಮೂಲಕ ಕೊಳ್ಳುವಂತೆ ಮಾಡುವುದು, ದುರಸ್ತಿಗೆ ಸಮೀಪದ ಊರಿನಲ್ಲಿಯೇ ಶಾಖೆ ಮತ್ತು ತಂತ್ರಜ್ಞರನ್ನು ಇರಿಸುವುದು ಅದರ ವಿಧಾನ. ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ದುರಸ್ತಿಯ ಕೆಲಸ ಸ್ಥಳೀಯರ ಕೈಯಲ್ಲಿ ಉಳಿಯುವುದರಿಂದ ಈ ಮಾದರಿಯಲ್ಲಿ ಕೌಶಲವೂ ಊರಿನಲ್ಲಿ ಉಳಿಯುತ್ತದೆ.

ಉದ್ಯೋಗ: ಮನೆಗೆ ಆಹಾರ ಮತ್ತು ದಿನಸಿ ತಲುಪಿಸುವ ಹಾಗೂ ಬಾಡಿಗೆ ವಾಹನ ಒದಗಿಸುವ ಸಂಸ್ಥೆಗಳು ಬೆಂಗಳೂರಿನ ಸುತ್ತಲಿನ ಜಿಲ್ಲೆಗಳ ಯುವಕರಿಗೆ ದುಡಿಮೆ ಒದಗಿಸಿವೆ. ಓದು ಅರ್ಧಕ್ಕೆ ನಿಂತವರಿಗೂ ಈ ಕೆಲಸ ದೊರೆಯುತ್ತದೆ. ಆದರೆ ಇದರಲ್ಲಿ ನಿಗದಿತ ವೇತನ ಮತ್ತು ಭವಿಷ್ಯ ನಿಧಿಯ ಭದ್ರತೆ ಇಲ್ಲ. ಇಂತಹ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ ಸರ್ಕಾರವು 2025ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ಜಾರಿಗೆ ತಂದಿತು.

ರೇಷ್ಮೆ ಕ್ಷೇತ್ರದ ನಿದರ್ಶನ

ರಾಮನಗರದ ಸರ್ಕಾರಿ ರೇಷ್ಮೆ ಗೂಡು ಮಾರುಕಟ್ಟೆಯು ಏಷ್ಯಾದಲ್ಲಿಯೇ ಅತಿ ದೊಡ್ಡದೆಂದು ಹೆಸರಾಗಿದೆ. ಕನಕಪುರ ಮತ್ತು ಚನ್ನಪಟ್ಟಣಗಳಲ್ಲಿಯೂ ಗೂಡಿನ ಮಾರುಕಟ್ಟೆಗಳಿವೆ. ಕರ್ನಾಟಕದಲ್ಲಿ ಮೊಟ್ಟೆ, ಗೂಡು ಮತ್ತು ನೂಲಿನ ವ್ಯಾಪಾರವನ್ನು ನಿಯಂತ್ರಿಸುವ ಕಾಯ್ದೆ 1959ರದು. ಸಾಕಾಣಿಕೆದಾರರು ತಂದ ಗೂಡನ್ನು ಮಾರುಕಟ್ಟೆಯಲ್ಲಿ ಲಾಟುಗಳಾಗಿ ಇಡಲಾಗುತ್ತದೆ. ನೂಲು ಬಿಚ್ಚುವ ರೀಲರುಗಳು ಹರಾಜಿನಲ್ಲಿ ಬೆಲೆ ಕೂಗುತ್ತಾರೆ. ಹಿಂದೆ ಬಾಯಿಮಾತಿನಲ್ಲಿ ನಡೆಯುತ್ತಿದ್ದ ಈ ಹರಾಜು ಈಗ ಎಲೆಕ್ಟ್ರಾನಿಕ್ ವಿಧಾನಕ್ಕೆ ಬದಲಾಗಿದೆ.

ಹುಳು ಸಾಕಾಣಿಕೆ ಒಂದು ತಿಂಗಳೊಳಗಿನ ಕೆಲಸವಾದರೂ ಅತ್ಯಂತ ನಾಜೂಕಿನದು. ಚಾಕಿ ಹಂತದಿಂದ ನಾಲ್ಕು ಜ್ವರ ದಾಟಿ ಹಣ್ಣಾಗುವವರೆಗೆ ಹುಳುವಿಗೆ ಹದವಾದ ಶಾಖ ಮತ್ತು ತೇವಾಂಶ ಬೇಕು. ಇವು ಏರುಪೇರಾದರೆ ಹಾಲುತೊಂಡೆ, ಸಪ್ಪೆ, ಸುಣ್ಣಕಟ್ಟು ಮುಂತಾದ ರೋಗಗಳು ತಗಲಿ ಇಡೀ ಬೆಳೆ ಕೈತಪ್ಪಬಹುದು. ಬೆಳೆ ಕೈಗೆ ಬಂದ ಮೇಲೂ ಗೂಡನ್ನು ಬಹಳ ದಿನ ಇಟ್ಟುಕೊಳ್ಳುವಂತಿಲ್ಲ. ಒಳಗಿನ ಕೋಶ ಪತಂಗವಾಗಿ ಗೂಡನ್ನು ತೂತು ಮಾಡಿ ಹೊರಬಂದರೆ ಎಳೆ ತುಂಡಾಗುತ್ತದೆ. ಆದ್ದರಿಂದ ಅಂದಿನ ಬೆಲೆ ಕಡಿಮೆಯಿದ್ದರೂ ರೈತ ಮಾರಲೇಬೇಕಾಗುತ್ತದೆ.

ಈ ಎರಡು ಸಮಸ್ಯೆಗಳನ್ನು, ಅಂದರೆ ಸಾಕಾಣಿಕೆಯ ಅಪಾಯ ಮತ್ತು ಮಾರಾಟದ ಅನಿಶ್ಚಿತತೆಯನ್ನು, ತಂತ್ರಜ್ಞಾನದಿಂದ ಪರಿಹರಿಸುವ ಉದ್ದೇಶದೊಂದಿಗೆ 2020ರಲ್ಲಿ ಬೆಂಗಳೂರಿನಲ್ಲಿ ರೇಷಾಮಂಡಿ ಎಂಬ ನವೋದ್ಯಮ ಆರಂಭವಾಯಿತು. ಸಾಕಾಣಿಕೆ ಮನೆಯ ಶಾಖ ಮತ್ತು ತೇವಾಂಶವನ್ನು ಅಳೆದು ಮೊಬೈಲಿಗೆ ಸಲಹೆ ಕಳುಹಿಸುವುದು, ಸಾಕಾಣಿಕೆದಾರರು, ರೀಲರುಗಳು ಮತ್ತು ನೇಕಾರರನ್ನು ಒಂದೇ ಜಾಲದಲ್ಲಿ ತರುವುದು ಅದರ ಯೋಜನೆಯಾಗಿತ್ತು. 2021ರಲ್ಲಿ ಅದು ಹೂಡಿಕೆದಾರರಿಂದ ದೊಡ್ಡ ಮೊತ್ತದ ಬಂಡವಾಳವನ್ನು ಪಡೆಯಿತು. 2023–24ರ ವೇಳೆಗೆ ತೀವ್ರ ಹಣಕಾಸಿನ ಬಿಕ್ಕಟ್ಟಿಗೆ ಸಿಲುಕಿ ಸಿಬ್ಬಂದಿಯನ್ನು ಕಡಿತಗೊಳಿಸಿತು.

ಈ ನಿದರ್ಶನದಿಂದ ಎರಡು ಅಂಶಗಳು ವ್ಯಕ್ತವಾಗುತ್ತವೆ. ಮೊದಲನೆಯದಾಗಿ, ಸಂಸ್ಥೆ ಗುರುತಿಸಿದ ಸಮಸ್ಯೆಗಳು ನಿಜವಾದವು, ಮತ್ತು ಶಾಖಮಾಪಕ ಹಾಗೂ ಮೊಬೈಲ್ ಸಲಹೆಯಂತಹ ಸರಳ ಸಾಧನಗಳು ಯಾವ ಸಂಸ್ಥೆಯ ಮೂಲಕ ಬಂದರೂ ಸಾಕಾಣಿಕೆದಾರರಿಗೆ ಉಪಯುಕ್ತ. ಎರಡನೆಯದಾಗಿ, ಖಾಸಗಿ ಜಾಲವೊಂದು ನಿಂತುಹೋದಾಗ ಹುಳುವಿನ ಬೆಳೆ ನಿಲ್ಲುವುದಿಲ್ಲ. ಹಣ್ಣಾದ ಹುಳು ಚಂದ್ರಂಕಿಗೆ ಏರಲೇಬೇಕು, ಗೂಡು ಬಿಡಿಸಿದ ಕೂಡಲೇ ಮಾರಾಟವಾಗಲೇಬೇಕು. ಸರ್ಕಾರಿ ಮಾರುಕಟ್ಟೆಗಳು ಈ ಅವಧಿಯುದ್ದಕ್ಕೂ ತೆರೆದಿದ್ದುದರಿಂದ ರೈತರಿಗೆ ಗೂಡು ಮಾರಲು ಒಂದು ಜಾಗ ಉಳಿಯಿತು. ಹೊಸ ವ್ಯವಸ್ಥೆ ಹಳೆಯದನ್ನು ಪೂರ್ಣವಾಗಿ ತೆರವುಗೊಳಿಸಿದ್ದರೆ ಆ ನಷ್ಟ ಹೂಡಿಕೆದಾರರಿಗಷ್ಟೇ ಸೀಮಿತವಾಗುತ್ತಿರಲಿಲ್ಲ.

ಮಾವಿನ ಮಾರಾಟದಲ್ಲಿ ಸಾರ್ವಜನಿಕ ಸಂಸ್ಥೆಯೇ ಹೊಸ ವಿಧಾನವನ್ನು ಅಳವಡಿಸಿಕೊಂಡ ಉದಾಹರಣೆಯಿದೆ. ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಜಾಲತಾಣದ ಮೂಲಕ ರೈತರ ಹಣ್ಣಿಗೆ ಬೇಡಿಕೆ ಪಡೆದು, ಅಂಚೆ ಇಲಾಖೆಯ ನೆರವಿನಿಂದ ಬೆಂಗಳೂರಿನ ಮನೆಗಳಿಗೆ ತಲುಪಿಸುವ ವ್ಯವಸ್ಥೆ ಮಾಡಿತು.

ಲಾಭದ ಸ್ಥಳಾಂತರ

ನವೋದ್ಯಮ ಹುಟ್ಟಿದ ಜಾಗದಲ್ಲಿಯೇ ಅದರ ಪೂರ್ಣ ಲಾಭ ಉಳಿಯಬೇಕೆಂದಿಲ್ಲ. 2013ರಲ್ಲಿ ಆರಂಭವಾದ ವಿದ್ಯುತ್ ಸ್ಕೂಟರ್ ಸಂಸ್ಥೆ ಏಥರ್ ಎನರ್ಜಿಯ ಕೇಂದ್ರ ಬೆಂಗಳೂರಿನಲ್ಲಿದೆ. ಅದರ ದೊಡ್ಡ ಕಾರ್ಖಾನೆ 2021ರಲ್ಲಿ ತಮಿಳುನಾಡಿನ ಹೊಸೂರಿನಲ್ಲಿ ಆರಂಭವಾಯಿತು. ಬೆಂಗಳೂರಿನದೇ ಆದ ಓಲಾ ಎಲೆಕ್ಟ್ರಿಕ್ ಸಂಸ್ಥೆಯೂ ಅದೇ ರಾಜ್ಯದ ಕೃಷ್ಣಗಿರಿ ಜಿಲ್ಲೆಯಲ್ಲಿ ಕಾರ್ಖಾನೆ ಕಟ್ಟಿತು. ವಿನ್ಯಾಸ ಮತ್ತು ಆಡಳಿತದ ಉದ್ಯೋಗಗಳು ಬೆಂಗಳೂರಿನಲ್ಲಿ ಉಳಿದರೆ, ತಯಾರಿಕೆಯ ಉದ್ಯೋಗಗಳು ನೆರೆರಾಜ್ಯದಲ್ಲಿ ಸೃಷ್ಟಿಯಾದವು. ಜಮೀನಿನ ಲಭ್ಯತೆ, ಪೂರೈಕೆದಾರರ ಸಾಮೀಪ್ಯ ಮತ್ತು ರಾಜ್ಯಗಳು ನೀಡುವ ರಿಯಾಯಿತಿಗಳು ಇಂತಹ ನಿರ್ಧಾರಗಳಲ್ಲಿ ಪಾತ್ರ ವಹಿಸುತ್ತವೆ.

ಬೆಂಗಳೂರಿನ ಆಚೆಯ ಉದಾಹರಣೆಗಳು

ದೊಡ್ಡ ನಗರದ ಹೊರಗೂ ತಂತ್ರಜ್ಞಾನ ಉದ್ಯಮ ಬೆಳೆಯಬಲ್ಲದೆಂಬುದಕ್ಕೆ ಕರ್ನಾಟಕದ ಇತರ ಊರುಗಳಲ್ಲಿ ನಿದರ್ಶನಗಳಿವೆ. 1996ರಲ್ಲಿ ಉಡುಪಿಯಲ್ಲಿ ಆರಂಭವಾದ ರೋಬೋಸಾಫ್ಟ್ ಟೆಕ್ನಾಲಜೀಸ್ ಕಾಲು ಶತಮಾನ ಅಲ್ಲಿಯೇ ಬೆಳೆದು, 2021ರಲ್ಲಿ ಜಪಾನಿನ ಟೆಕ್ನೋಪ್ರೊ ಸಮೂಹದ ಪಾಲಾಯಿತು. ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟ್‌ಅಪ್ಸ್ ಉತ್ತರ ಕರ್ನಾಟಕದ ಯುವ ಉದ್ಯಮಿಗಳಿಗೆ ಸ್ಥಳಾವಕಾಶ, ಪ್ರಯೋಗಾಲಯ ಮತ್ತು ಮಾರ್ಗದರ್ಶನ ನೀಡುವ ಪೋಷಣಾ ಕೇಂದ್ರ. 2008ರಲ್ಲಿ ಸ್ಥಾಪನೆಯಾದ ರೂರಲ್‌ಶೋರ್ಸ್ ತನ್ನ ಮೊದಲ ಕೇಂದ್ರವನ್ನು ಬಾಗೇಪಲ್ಲಿಯಲ್ಲಿ ತೆರೆದು, ನಗರದ ಕಂಪನಿಗಳ ಕಚೇರಿ ಕೆಲಸವನ್ನು ಹಳ್ಳಿಯ ಯುವಕ ಯುವತಿಯರಿಗೆ ಒದಗಿಸಿತು.

ಇವುಗಳಲ್ಲಿ ರೂರಲ್‌ಶೋರ್ಸ್ ಮಾದರಿ ಸಾತನೂರಿನಂತಹ ಹೋಬಳಿ ಕೇಂದ್ರಗಳಿಗೆ ಹತ್ತಿರವಾದದ್ದು. ಊರಿನಲ್ಲಿಯೇ ಸಂಬಳ ಸಿಕ್ಕರೆ ನಗರದ ಬಾಡಿಗೆ ಮತ್ತು ಪ್ರಯಾಣದ ಖರ್ಚು ತಪ್ಪುತ್ತದೆ, ಆ ಹಣ ಊರಿನ ಅಂಗಡಿಗಳಲ್ಲಿ ಚಲಾವಣೆಯಾಗುತ್ತದೆ. ಮದುವೆಯ ನಂತರ ಅಥವಾ ಮಕ್ಕಳಾದ ನಂತರ ದೂರ ಹೋಗಲಾಗದ ಹೆಣ್ಣುಮಕ್ಕಳಿಗೂ ಇದು ಅವಕಾಶ ಒದಗಿಸುತ್ತದೆ.

ಸರ್ಕಾರದ ನೀತಿ

ಕರ್ನಾಟಕವು 2015ರಲ್ಲಿಯೇ, ಕೇಂದ್ರದ ಕಾರ್ಯಕ್ರಮಕ್ಕಿಂತ ಮುಂಚೆ, ತನ್ನ ನವೋದ್ಯಮ ನೀತಿಯನ್ನು ಪ್ರಕಟಿಸಿತು. 2017ರಲ್ಲಿ ಆರಂಭವಾದ ‘ಎಲಿವೇಟ್’ ಯೋಜನೆಯಡಿ ಆಯ್ಕೆಯಾದ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ದೊರೆಯುತ್ತದೆ. ಕರ್ನಾಟಕ ಡಿಜಿಟಲ್ ಎಕಾನಮಿ ಮಿಷನ್ ಸಂಸ್ಥೆಯು ‘ಬಿಯಾಂಡ್ ಬೆಂಗಳೂರು’ ಕಾರ್ಯಕ್ರಮದ ಮೂಲಕ ಮೈಸೂರು, ಮಂಗಳೂರು ಮತ್ತು ಹುಬ್ಬಳ್ಳಿ–ಧಾರವಾಡ–ಬೆಳಗಾವಿ ಭಾಗಗಳಿಗೆ ಮೊದಲ ಆದ್ಯತೆ ನೀಡಿತು.

ರಾಮನಗರ ಪ್ರದೇಶದ ಸ್ಥಿತಿ ಇಲ್ಲಿ ವಿಶಿಷ್ಟವಾದದ್ದು. ರಾಜಧಾನಿಗೆ ಅತಿ ಸಮೀಪದಲ್ಲಿರುವುದರಿಂದ ಅದು ದೂರದ ಕೇಂದ್ರಗಳ ಸಾಲಿಗೆ ಸೇರಲಿಲ್ಲ. ನಗರದ ಸೌಲಭ್ಯಗಳು ಸಾತನೂರಿನಂತಹ ಊರುಗಳವರೆಗೆ ಸಮನಾಗಿ ತಲುಪಿಯೂ ಇಲ್ಲ.

ಮಿತಿಗಳು ಮತ್ತು ಟೀಕೆ

ನವೋದ್ಯಮಗಳಲ್ಲಿ ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಮುಚ್ಚುತ್ತವೆ. ನಗರದ ಎಂಜಿನಿಯರಿಗೆ ಮತ್ತೊಂದು ಕೆಲಸ ಬೇಗನೆ ಸಿಗಬಹುದು, ಅದೇ ಸಂಸ್ಥೆಯನ್ನು ನಂಬಿ ಹಳೆಯ ವ್ಯಾಪಾರ ಸಂಬಂಧಗಳನ್ನು ಬಿಟ್ಟುಕೊಟ್ಟ ರೈತ ಅಥವಾ ರೀಲರು ಅವನ್ನು ಮರಳಿ ಕಟ್ಟಿಕೊಳ್ಳುವುದು ಕಷ್ಟ. ಸಲಹೆ ಕೇವಲ ಇಂಗ್ಲಿಷಿನಲ್ಲಿ ಅಥವಾ ಯಾಂತ್ರಿಕವಾಗಿ ಅನುವಾದಿಸಿದ ಕನ್ನಡದಲ್ಲಿ ಬಂದರೆ ಅದು ಹುಳು ಸಾಕುವ ಮನೆಯ ಹೆಂಗಸರಿಗೆ ತಲುಪುವುದಿಲ್ಲ, ಸಾಕಾಣಿಕೆಯ ಬಹುಪಾಲು ಕೆಲಸ ಮಾಡುವವರು ಅವರೇ.

ಭೂಮಿಯ ಪ್ರಶ್ನೆಯೂ ಮುಖ್ಯವಾದದ್ದು. ನಗರ ಬೆಳೆದಂತೆ ಸುತ್ತಲಿನ ಜಮೀನಿನ ಬೆಲೆ ಏರುತ್ತದೆ. ಮಾರಿದವರಿಗೆ ಒಮ್ಮೆಗೆ ಹಣ ಬರುತ್ತದೆ, ಆದರೆ ಗೇಣಿಗೆ ಮಾಡುವವರು ಮತ್ತು ಕೂಲಿಯಾಳುಗಳು ದುಡಿಮೆ ಕಳೆದುಕೊಳ್ಳುತ್ತಾರೆ. ಬಿಡದಿಯ ಬಳಿ ಕೃತಕ ಬುದ್ಧಿಮತ್ತೆ ಉದ್ಯಮಗಳನ್ನೂ ಒಳಗೊಂಡ ಉಪನಗರ ನಿರ್ಮಿಸುವ ಸರ್ಕಾರದ ಯೋಜನೆಗೆ 2025ರಲ್ಲಿ ಆ ಭಾಗದ ರೈತರಿಂದ ಭೂಸ್ವಾಧೀನದ ವಿಷಯದಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು.

ಅಳತೆಗೋಲು

ನವೋದ್ಯಮಗಳ ಸಾಧನೆಯನ್ನು ಸಾಮಾನ್ಯವಾಗಿ ಅವುಗಳ ಸಂಖ್ಯೆ, ಅವು ಪಡೆದ ಬಂಡವಾಳ ಮತ್ತು ಮಾರುಕಟ್ಟೆ ಮೌಲ್ಯದಿಂದ ಅಳೆಯಲಾಗುತ್ತದೆ. ಈ ಅಂಕಿಗಳು ಸಂಸ್ಥೆಯ ಸ್ಥಿತಿಯನ್ನು ತಿಳಿಸುತ್ತವೆ, ಪ್ರದೇಶದ ಸ್ಥಿತಿಯನ್ನಲ್ಲ. ಪ್ರಾದೇಶಿಕ ಬೆಳವಣಿಗೆಯ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಗಳು ಬೇರೆ: ಸಂಸ್ಥೆ ಕೊಳ್ಳುವ ಸರಕಿನಲ್ಲಿ ಎಷ್ಟು ಪಾಲು ಸ್ಥಳೀಯವಾದದ್ದು; ಉತ್ಪಾದಕರ ಕೈಗೆ ಸೇರುವ ಹಣ ಹೆಚ್ಚಿತೇ; ಅದು ಎಷ್ಟು ದಿನದೊಳಗೆ ಪಾವತಿಯಾಗುತ್ತದೆ; ಎಷ್ಟು ಸ್ಥಳೀಯರು ಹೊಸ ಕೆಲಸ ಕಲಿತರು; ಸಂಸ್ಥೆ ಮುಚ್ಚಿದರೂ ಆ ಕೌಶಲ, ಉಪಕರಣ ಮತ್ತು ಮಾರುಕಟ್ಟೆ ಊರಿನಲ್ಲಿ ಉಳಿಯುತ್ತವೆಯೇ. ಸಾತನೂರಿನ ಹಿಪ್ಪುನೇರಳೆ ತೋಟದಿಂದ ರಾಮನಗರದ ಗೂಡಿನ ಮಾರುಕಟ್ಟೆಯವರೆಗಿನ ದಾರಿಯಲ್ಲಿ ಹೊಸ ತಂತ್ರಜ್ಞಾನದ ಪ್ರಯೋಜನ ನಿರ್ಧಾರವಾಗುವುದು ಈ ಪ್ರಶ್ನೆಗಳಿಗೆ ದೊರೆಯುವ ಉತ್ತರಗಳಿಂದ.